ಹಿಮ್ಮಡಿ ಮುರಿದಾಗ ಕಾಯಿಸುವುದು ನಿರ್ಲಕ್ಷ್ಯವಲ್ಲ

ಮಾನ್ಯ ಸಂಪಾದಕರೇ,

ಅಡಿಕೆ ಮರದಿಂದ ಬಿದ್ದು ಹಿಮ್ಮಡಿಯ ಮೂಳೆ ಮುರಿದುಕೊಂಡ ಕೂಲಿಕಾರ್ಮಿಕರೊಬ್ಬರನ್ನು ಸರ್ಕಾರಿ ಆಸ್ಪತ್ರೆಯವರು ಪಟ್ಟಿ ಕಟ್ಟಿ, ಹತ್ತು ದಿನ ಬಿಟ್ಟು ಬರುವಂತೆ ಹೇಳಿ ಸಾಗಹಾಕಿದರೆಂದೂ, ಅದನ್ನು ಖಂಡಿಸಿ ಬಂಧುಗಳು ಆಸ್ಪತ್ರೆಯ ಮುಂದೆ ಪ್ರತಿಭಟಿಸಿದರೆಂದೂ ಈಚೆಗೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ವರದಿಯಾಗಿತ್ತು. ಆ ರೋಗಿಯನ್ನಾಗಲಿ ಅವರ ಎಕ್ಸ್‌-ರೇಯನ್ನಾಗಲಿ ನಾನು ನೋಡಿಲ್ಲವಾದ್ದರಿಂದ ಅಲ್ಲಿ ನಡೆದದ್ದು ಸರಿಯೋ ತಪ್ಪೋ ಎಂದು ಹೇಳಲಾರೆ. ಆದರೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡದಿರುವುದೇ ಅಪರಾಧ ಎಂಬ ಧಾಟಿ ವರದಿಯ ಉದ್ದಕ್ಕೂ ಇತ್ತು. ಮೂಳೆ ಶಸ್ತ್ರಚಿಕಿತ್ಸಕನಾಗಿ ಮಲೆನಾಡಿನಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದ ನನಗೆ, ಈ ಧಾಟಿ ಮುಂದೆ ಬೀಳಲಿರುವ ರೋಗಿಗಳಿಗೆ ಕೇಡು ಮಾಡೀತೆಂಬ ಆತಂಕವಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ, ವಿಷಯ ಹಾಗಿದೆ.

ಮೂಳೆ ಮುರಿದರೆ ಅಂದೇ ಆಪರೇಷನ್ ಆಗಬೇಕು, ತಡವಾದಷ್ಟೂ ಕೆಡುತ್ತದೆ ಎಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದೆ. ತೊಡೆಮೂಳೆಯ ವಿಷಯದಲ್ಲಿ, ವಯಸ್ಸಾದವರ ಸೊಂಟದ ಕೀಲಿನ ಮುರಿತದ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜವೇ. ಹಿಮ್ಮಡಿಗೆ ಆ ಲೆಕ್ಕ ಹೊಂದುವುದಿಲ್ಲ. ಪಾದದ ಹಿಂದಿನ ಮತ್ತು ನಡುವಿನ ಭಾಗದಲ್ಲಿರುವ ಏಳು ಮೂಳೆಗಳಲ್ಲಿ ಅತ್ಯಂತ ದೊಡ್ಡದಾದ ಇದನ್ನು ವೈದ್ಯರು ಕ್ಯಾಲ್ಕೇನಿಯಸ್ ಎನ್ನುತ್ತಾರೆ. ಹೊರಗೆ ತೆಳ್ಳನೆಯ ಗಟ್ಟಿ ಪದರ, ಒಳಗೆಲ್ಲ ರಂಧ್ರಮಯವಾದ ಮೆತ್ತನೆಯ ಮೂಳೆ. ಎತ್ತರದಿಂದ ಬಿದ್ದವರು ಪಾದಗಳ ಮೇಲೆಯೇ ನೆಲಕ್ಕೆ ಬಡಿದಾಗ ದೇಹದ ಭಾರವೆಲ್ಲ ಅದರ ಮೇಲೆ ಕೂತಿರುವ ಟೇಲಸ್ ಎಂಬ ಮೂಳೆಯ ಮೂಲಕ ಇಳಿದು, ಸೌದೆಗೆ ಹೊಡೆದ ಬೆಣೆಯಂತೆ ಹಿಮ್ಮಡಿಯನ್ನು ಸೀಳುತ್ತದೆ. ಆಗ ಹಿಮ್ಮಡಿಯ ಎತ್ತರ ಕುಗ್ಗುತ್ತದೆ, ಅಗಲ ಹೆಚ್ಚುತ್ತದೆ, ಮೂಳೆ ಒಂದು ಬದಿಗೆ ವಾಲುತ್ತದೆ. ಸುಮಾರು ಮುಕ್ಕಾಲು ಪಾಲು ಪ್ರಕರಣಗಳಲ್ಲಿ ಬಿರುಕು ಟೇಲಸ್ ಮತ್ತು ಹಿಮ್ಮಡಿಯ ನಡುವಿನ ಕೀಲಿನೊಳಗೂ ಹಾಯ್ದು, ಕೀಲಿನ ನುಣುಪಾದ ಮೇಲ್ಮೈ ಚೂರಾಗಿ ಒಳಕ್ಕೆ ಕುಸಿದಿರುತ್ತದೆ.

ಸಬ್‌ಟೇಲಾರ್ ಎಂದು ಕರೆಯುವ ಈ ಕೀಲಿನ ಬೆಲೆ ಸಮತಟ್ಟಾದ ನೆಲದಲ್ಲಿ ನಡೆಯುವವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಪಾದ ಒಳಕ್ಕೂ ಹೊರಕ್ಕೂ ಹೊರಳುವುದು ಮುಖ್ಯವಾಗಿ ಇದರಿಂದಲೇ. ಗುಡ್ಡದ ಇಳಿಜಾರಿನಲ್ಲಿ, ತೋಟದ ಕಾಲುವೆಯ ಅಂಚಿನಲ್ಲಿ, ಉತ್ತ ಗದ್ದೆಯಲ್ಲಿ ನಡೆಯುವುದಕ್ಕೆ ಅದು ಬೇಕು. ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ಎರಡೂ ಅಂಗಾಲುಗಳನ್ನು ಒಳಮುಖವಾಗಿ ತಿರುಗಿಸಿ ಮರವನ್ನು ಒತ್ತಿ ಹಿಡಿದು ಏರಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡನ ಕಸುಬಂತೂ ಈ ಕೀಲಿನ ಮೇಲೆಯೇ ನಿಂತಿದೆ. ಮರದಿಂದ ಬಿದ್ದವರು ಯಾವ ಕೀಲನ್ನು ಕಳೆದುಕೊಳ್ಳುತ್ತಾರೋ ಮತ್ತೆ ಮರ ಏರಲು ಅದೇ ಕೀಲು ಬೇಕಾಗುತ್ತದೆ. ಆದ್ದರಿಂದ ಬಂಧುಗಳ ಆತುರ ನನಗೆ ಅರ್ಥವಾಗದ ಸಂಗತಿಯಲ್ಲ.

ಆದರೂ ವೈದ್ಯರು ಏಕೆ ಕಾಯಿಸುತ್ತಾರೆ? ಹಿಮ್ಮಡಿಯ ಹೊರಬದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಚರ್ಮಕ್ಕೂ ಮೂಳೆಗೂ ನಡುವೆ ಮಾಂಸವೇ ಇಲ್ಲವೆಂಬುದು ಯಾರಿಗಾದರೂ ಗೊತ್ತಾಗುತ್ತದೆ. ಮುರಿದ ಮೂಳೆಯನ್ನು ಎತ್ತಿ ಕೂರಿಸಿ ಪ್ಲೇಟು ಮತ್ತು ಸ್ಕ್ರೂ ಹಾಕಲು ಹಲವು ವರ್ಷ ರೂಢಿಯಲ್ಲಿದ್ದ ವಿಧಾನದಲ್ಲಿ ಆ ಹೊರಬದಿಯ ಮೇಲೆ ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ದೊಡ್ಡ ಗಾಯ ಮಾಡಿ, ಚರ್ಮವನ್ನು ಮೂಳೆಯವರೆಗೂ ಒಂದೇ ದಪ್ಪಕ್ಕೆ ಬಿಡಿಸಿ ಮೇಲಕ್ಕೆತ್ತಬೇಕಾಗುತ್ತದೆ. ಹಾಗೆ ಎತ್ತಿದ ಚರ್ಮದ ಮೂಲೆಗೆ ರಕ್ತ ಒದಗಿಸುವುದು ಹೆಚ್ಚಾಗಿ ಒಂದು ಸಣ್ಣ ರಕ್ತನಾಳ. ಬಿದ್ದ ಒಂದೆರಡು ದಿನಗಳಲ್ಲಿ ಪಾದ ಬಾತು, ಚರ್ಮ ಬಿಗಿದು ಹೊಳೆಯುತ್ತ, ಎಷ್ಟೋ ಸಲ ನೀರಿನ ಅಥವಾ ರಕ್ತದ ಬೊಬ್ಬೆಗಳೆದ್ದಿರುವಾಗ ಅದರ ಮೇಲೆ ಕತ್ತಿ ಆಡಿಸಿದರೆ, ಹೊಲಿದ ಗಾಯದ ಮೂಲೆ ಕಪ್ಪಾಗಿ ಸಾಯುತ್ತದೆ. ಅಲ್ಲಿಂದ ಕೀವು, ಕೀವಿನಿಂದ ಮೂಳೆಗೆ ಸೋಂಕು, ಬಳಿಕ ಪ್ಲೇಟು ತೆಗೆಯುವುದು, ಬೇರೆ ಕಡೆಯ ಚರ್ಮ ಹಾಗೂ ಮಾಂಸ ತಂದು ಮುಚ್ಚುವುದು. ತೀರ ಕೆಟ್ಟ ಪ್ರಸಂಗಗಳಲ್ಲಿ ಕಾಲನ್ನೇ ಕಳೆದುಕೊಳ್ಳುವುದು. ಮುರಿದ ಹಿಮ್ಮಡಿಯೊಡನೆ ಮನುಷ್ಯ ಬದುಕಬಲ್ಲ. ಸೋಂಕು ತಗುಲಿದ ಹಿಮ್ಮಡಿಯೊಡನೆ ಬದುಕುವ ಪಾಡು ಬೇರೆಯೇ.

ಹಾಗಾಗಿ ಪಾದವನ್ನು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿಟ್ಟು, ಬಾವು ಇಳಿದು, ಪಾದವನ್ನು ಮೇಲಕ್ಕೆ ಮಡಚಿದಾಗ ಹೊರಬದಿಯ ಚರ್ಮದಲ್ಲಿ ಮತ್ತೆ ಸುಕ್ಕುಗಳು ಮೂಡುವವರೆಗೆ ಶಸ್ತ್ರಚಿಕಿತ್ಸಕರು ಕಾಯುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಒಂದರಿಂದ ಎರಡು ವಾರ ಬೇಕು. ಮೂರು ವಾರ ದಾಟಿದರೆ ಚೂರುಗಳು ಇದ್ದಲ್ಲೇ ಅಂಟಿಕೊಳ್ಳತೊಡಗಿ ಸರಿಯಾಗಿ ಕೂರಿಸುವುದು ಕಷ್ಟವಾಗುವುದರಿಂದ ಈ ಕಾಯುವಿಕೆಗೂ ಒಂದು ಮಿತಿಯಿದೆ. ನಿಮ್ಮ ವರದಿಯಲ್ಲಿದ್ದ ‘ಹತ್ತು ದಿನ’ ಈ ಅವಧಿಯ ನಟ್ಟನಡುವೆ ಬೀಳುತ್ತದೆ ಎಂಬುದನ್ನು ಓದುಗರು ಗಮನಿಸಬೇಕು.

ಇನ್ನು ಎರಡನೆಯ ಮತ್ತು ಹೆಚ್ಚು ಕಷ್ಟದ ಪ್ರಶ್ನೆ: ಬಾವು ಇಳಿದ ಮೇಲಾದರೂ ಶಸ್ತ್ರಚಿಕಿತ್ಸೆ ಮಾಡಲೇಬೇಕೇ? ಈ ವಿಷಯದಲ್ಲಿ ನಮ್ಮ ವೃತ್ತಿ ನೂರು ವರ್ಷಗಳಿಂದ ಅತ್ತಿತ್ತ ಓಲಾಡುತ್ತಲೇ ಇದೆ. ಅಮೆರಿಕದ ಕಾಟನ್ ಎಂಬ ಶಸ್ತ್ರಚಿಕಿತ್ಸಕರು 1908ರಲ್ಲಿ, ಮುರಿದು ಅಗಲವಾದ ಹಿಮ್ಮಡಿಯನ್ನು ಒಂದು ಬದಿಗೆ ಮರಳಿನ ಚೀಲವಿಟ್ಟು ಇನ್ನೊಂದು ಬದಿಯಿಂದ ಸುತ್ತಿಗೆಯಲ್ಲಿ ಬಡಿದು ಮೊದಲಿನ ಅಗಲಕ್ಕೆ ತರುವ ವಿಧಾನವನ್ನು ಪ್ರಕಟಿಸಿದರು. ಎಂಟು ವರ್ಷ ಕಳೆಯುವುದರಲ್ಲಿ ಅವರೇ, ಹಿಮ್ಮಡಿ ಮುರಿದ ದುಡಿಮೆಗಾರನ ದುಡಿಮೆಯ ಬದುಕು ಅಲ್ಲಿಗೆ ಮುಗಿದಂತೆ ಎಂಬ ಅರ್ಥದ ಮಾತನ್ನು ಬರೆದರು. ವಿಯೆನ್ನಾದ ಲೊರೆಂಜ್ ಬ್ಯೋಲರ್ 1931ರಲ್ಲಿ ವಿವರಿಸಿದ, ಹಿಮ್ಮಡಿ ಮೂಳೆಯ ಮೇಲಂಚಿನ ಕೋನವನ್ನು ನಾವು ಇಂದಿಗೂ ಅಳೆಯುತ್ತೇವೆ. ಬದಿಯಿಂದ ತೆಗೆದ ಎಕ್ಸ್‌-ರೇಯಲ್ಲಿ 20ರಿಂದ 40 ಡಿಗ್ರಿ ಇರಬೇಕಾದ ಆ ಕೋನ ಹಿಮ್ಮಡಿ ಕುಸಿದಷ್ಟೂ ಚಪ್ಪಟೆಯಾಗಿ, ಕೆಲವೊಮ್ಮೆ ಸೊನ್ನೆಗಿಂತಲೂ ಕೆಳಗಿಳಿಯುತ್ತದೆ. ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಕೀಲಿನ ಒಳಗಿನ ಚಿತ್ರ ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡಿತು. ಕೀಲಿನ ಮೇಲ್ಮೈ ಎಷ್ಟು ತುಂಡಾಗಿದೆ ಎಂಬುದರ ಮೇಲೆ ಮುರಿತವನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ ಸ್ಯಾಂಡರ್ಸ್ 1993ರಲ್ಲಿ ಪ್ರಕಟಿಸಿದ ಪದ್ಧತಿ ಈಗ ಎಲ್ಲೆಡೆ ಬಳಕೆಯಲ್ಲಿದೆ. ಕಂಡದ್ದನ್ನೆಲ್ಲ ಸರಿಪಡಿಸಬಹುದೆಂಬ ಉತ್ಸಾಹ ಆಗ ಶಸ್ತ್ರಚಿಕಿತ್ಸಕರಲ್ಲಿ ಸಹಜವಾಗಿಯೇ ಹೆಚ್ಚಿತು.

ಆ ಉತ್ಸಾಹವನ್ನು ಪರೀಕ್ಷೆಗೆ ಒಡ್ಡಿದ ಎರಡು ಅಧ್ಯಯನಗಳನ್ನು ಇಲ್ಲಿ ಹೇಳಲೇಬೇಕು. ಕೆನಡಾದಲ್ಲಿ 424 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆ ನೀಡಿ, ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿದರು. ಒಟ್ಟಾರೆ ನೋಡಿದರೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಇರಲಿಲ್ಲ. ಆದರೆ ಬಿಡಿಸಿ ನೋಡಿದಾಗ ಮಹಿಳೆಯರಿಗೆ, ಚಿಕ್ಕ ವಯಸ್ಸಿನವರಿಗೆ, ಹಗುರ ಕೆಲಸದವರಿಗೆ, ಕೀಲಿನ ಮೇಲ್ಮೈಯನ್ನು ಸರಿಯಾಗಿ ಕೂರಿಸಲು ಸಾಧ್ಯವಾದವರಿಗೆ ಶಸ್ತ್ರಚಿಕಿತ್ಸೆಯಿಂದ ಅನುಕೂಲವಾಗಿತ್ತು. ಮತ್ತು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರಲ್ಲಿ ಮುಂದೆ ನೋವು ತಾಳಲಾರದೆ ಕೀಲನ್ನು ಅಲುಗದಂತೆ ಬೆಸೆಯಿಸಿಕೊಳ್ಳಬೇಕಾದವರ ಪ್ರಮಾಣ ಐದು ಪಟ್ಟಿಗಿಂತ ಹೆಚ್ಚಿತ್ತು. ಬ್ರಿಟನ್ನಿನ 22 ಆಸ್ಪತ್ರೆಗಳಲ್ಲಿ 151 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ನೇರವಾಗಿ ಮಾತನಾಡಿತು. ಎರಡು ವರ್ಷಗಳ ನಂತರ ನೋವು ಮತ್ತು ನಡಿಗೆಗೆ ನೂರಕ್ಕೆ ಕೊಟ್ಟ ಅಂಕಗಳು (ಹೆಚ್ಚಿದಷ್ಟೂ ಒಳ್ಳೆಯದು) ಶಸ್ತ್ರಚಿಕಿತ್ಸೆಯವರಲ್ಲಿ ಸರಾಸರಿ 69.8, ಇಲ್ಲದವರಲ್ಲಿ 65.7, ಈ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. ತೊಡಕುಗಳ ಲೆಕ್ಕದಲ್ಲಿ ಮಾತ್ರ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು: ಮೊದಲ ಗುಂಪಿನಲ್ಲಿ ಶೇ 23, ಎರಡನೆಯದರಲ್ಲಿ ಶೇ 4.

ಇದರಿಂದ ಶಸ್ತ್ರಚಿಕಿತ್ಸೆಯೇ ಬೇಡ ಎಂದು ತೀರ್ಮಾನಿಸುವುದೂ ಅವಸರವೇ ಆಗುತ್ತದೆ. ಬ್ರಿಟಿಷ್ ಅಧ್ಯಯನದಲ್ಲಿ ಹಿಮ್ಮಡಿಯ ಆಕಾರ ವಿಪರೀತ ಕೆಟ್ಟಿದ್ದವರನ್ನು ಸೇರಿಸಿಕೊಂಡಿರಲಿಲ್ಲ. ಎರಡು ವರ್ಷವೆಂಬುದು ಕೀಲು ಸವೆತದ ದೃಷ್ಟಿಯಿಂದ ಚಿಕ್ಕ ಅವಧಿ. ಸ್ವೀಡನ್ನಿನಲ್ಲಿ ನಡೆದ ಇಂಥದೇ ಅಧ್ಯಯನವೊಂದರಲ್ಲಿ ಮೊದಲ ವರ್ಷ ಕಾಣದಿದ್ದ ಅನುಕೂಲ ಎಂಟರಿಂದ ಹನ್ನೆರಡು ವರ್ಷಗಳ ನಂತರ ಸ್ವಲ್ಪಮಟ್ಟಿಗೆ ಕಾಣಿಸಿಕೊಂಡಿತ್ತು. ಅಲ್ಲದೆ ಈ ಅಧ್ಯಯನಗಳಲ್ಲಿ ಬಳಸಿದ್ದು ಹೆಚ್ಚಾಗಿ ಆ ಹಳೆಯ ದೊಡ್ಡ ಗಾಯದ ವಿಧಾನವನ್ನೇ. ಈಗ ಕಾಲಿನ ಹೊರಗಿನ ಹರಡಿನ ಗಂಟಿನ ಕೆಳಗೆ ಸಣ್ಣ ಗಾಯ ಮಾಡಿ, ಅಲ್ಲಿಂದಲೇ ಕುಸಿದ ಕೀಲನ್ನು ಎತ್ತಿ ಸ್ಕ್ರೂ ಅಥವಾ ಚಿಕ್ಕ ಪ್ಲೇಟು ಕೂರಿಸುವ ರೀತಿ ನಮ್ಮ ರಾಜ್ಯದ ಅನೇಕ ಆಸ್ಪತ್ರೆಗಳಲ್ಲೂ ರೂಢಿಗೆ ಬಂದಿದೆ. ಸೈನಸ್ ಟಾರ್ಸೈ ವಿಧಾನ ಎನ್ನುವ ಇದರಲ್ಲಿ ಚರ್ಮ ಸಾಯುವ, ಸೋಂಕಾಗುವ ಭಯ ಸ್ಪಷ್ಟವಾಗಿ ಕಡಿಮೆ. ನನ್ನ ಮಟ್ಟಿಗೆ ಈ ಚಿಕಿತ್ಸೆಯಲ್ಲಿ ಆದ ನಿಜವಾದ ಸುಧಾರಣೆ ಇದೇ. ಪ್ಲೇಟುಗಳ ಹೊಸ ಹೊಸ ಮಾದರಿಗಳ ಬಗ್ಗೆ ಕಂಪನಿಯವರು ಹೇಳುವುದನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ.

ಕೆನಡಾದ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿತ್ತು. ಕೆಲಸದ ಸ್ಥಳದಲ್ಲಿ ಬಿದ್ದು ಪರಿಹಾರ ಪಡೆಯುತ್ತಿದ್ದವರ ಫಲಿತಾಂಶ ಉಳಿದವರದಕ್ಕಿಂತ ಕೆಳಗಿತ್ತು. ಪರಿಹಾರದ ಆಸೆಗೆ ಜನ ನೋವನ್ನು ಹಿಗ್ಗಿಸಿ ಹೇಳುತ್ತಾರೆ ಎಂದು ಇದಕ್ಕೆ ಅರ್ಥ ಹಚ್ಚುವ ಸಹೋದ್ಯೋಗಿಗಳನ್ನು ನಾನು ಬಲ್ಲೆ, ನಾನು ಒಪ್ಪುವುದಿಲ್ಲ. ಪರಿಹಾರ ಪಡೆಯುವವರಲ್ಲಿ ಹೆಚ್ಚಿನವರು ಏಣಿ, ಅಟ್ಟಣಿಗೆ, ಛಾವಣಿಗಳ ಮೇಲೆ ದುಡಿಯುವವರು. ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರಿಗೆ ಸಾಕಾಗುವ ಹಿಮ್ಮಡಿ ಅವರಿಗೆ ಸಾಕಾಗುವುದಿಲ್ಲ. ಯಾವ ಪರಿಹಾರವೂ ದಕ್ಕದ ನಮ್ಮ ಕೂಲಿಕಾರರೂ ಗಾರೆ ಕೆಲಸದವರೂ ಇದೇ ನೋವನ್ನು ಹೇಳುತ್ತಾರೆ.

ಹೀಗಾಗಿ ಯಾರಿಗೆ ಶಸ್ತ್ರಚಿಕಿತ್ಸೆ ಎಂಬ ತೀರ್ಮಾನ ಎಕ್ಸ್‌-ರೇಯನ್ನು ನೋಡಿದ ಮಾತ್ರಕ್ಕೆ ಆಗುವಂಥದ್ದಲ್ಲ. ಕೀಲು ಎರಡು ಮೂರು ದೊಡ್ಡ ತುಂಡಾಗಿ ಕುಸಿದಿರುವ, ಆರೋಗ್ಯವಂತರಾದ, ಬೀಡಿ ಸಿಗರೇಟು ಸೇದದ ಮೂವತ್ತರ ವಯಸ್ಸಿನವರಿಗೆ ನಾನು ಹಿಂಜರಿಯದೆ ಶಸ್ತ್ರಚಿಕಿತ್ಸೆಯ ಸಲಹೆ ಕೊಡುತ್ತಿದ್ದೆ. ಅದೇ ಮುರಿತ, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು ಪಾದದ ಸ್ಪರ್ಶಜ್ಞಾನವೇ ಕುಂದಿರುವವರಲ್ಲಿ ಆಗಿದ್ದರೆ ಗಾಯ ಮಾಯುವ ಭರವಸೆ ಕೊಡುವುದು ಕಷ್ಟ. ಬೀಡಿಯ ಹೊಗೆಯಿಂದಾಗಲಿ ಕವಳದ (ಎಲೆ-ಅಡಿಕೆಯ) ತಂಬಾಕಿನಿಂದಾಗಲಿ ದೇಹಕ್ಕೆ ಸೇರುವ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆ ಚರ್ಮದ ಮೂಲೆ ಬದುಕಿರುವುದು ಇಂಥದೇ ಸಣ್ಣ ರಕ್ತನಾಳದಿಂದ. ಹಾಸಿಗೆಯಲ್ಲಿ ಕಾಲೆತ್ತಿ ಮಲಗಿ ಬೀಡಿ ಹಚ್ಚುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕೀಲು ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಚೂರಾಗಿದ್ದರೆ ಅದನ್ನು ಜೋಡಿಸುವ ಬದಲು ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಹಿಮ್ಮಡಿಯ ಆಕಾರ ಸರಿಪಡಿಸಿ ಕೀಲನ್ನು ಬೆಸೆಯುವುದು ಲೇಸೆಂದು ಅನೇಕರು ಭಾವಿಸುತ್ತಾರೆ. ಮುರಿದ ತುಂಡು ಸರಿಯದೆ ಇದ್ದಲ್ಲೇ ಇದ್ದರೆ ಆಪರೇಷನ್ ಬೇಕಾಗಿಯೇ ಇಲ್ಲ.

ಕಾಯಬಾರದ ಪ್ರಸಂಗಗಳೂ ಇವೆ, ಅವನ್ನು ಮರೆಮಾಚಿ ಕಾಯುವುದನ್ನೇ ಹೊಗಳಿದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಮೂಳೆ ಚರ್ಮ ಹರಿದು ಹೊರಬಂದಿದ್ದರೆ ಅಂದೇ ಗಾಯ ತೊಳೆದು ಶುಚಿಗೊಳಿಸಬೇಕು. ಮಾತ್ರೆ, ಇಂಜೆಕ್ಷನ್ ಯಾವುದಕ್ಕೂ ಬಗ್ಗದ ನೋವಿದ್ದು ಬೆರಳುಗಳನ್ನು ಅಲುಗಿಸಿದರೆ ಅದು ಇನ್ನಷ್ಟು ಹೆಚ್ಚುತ್ತಿದ್ದರೆ, ಪಾದದೊಳಗೆ ರಕ್ತ ತುಂಬಿ ಒತ್ತಡ ಏರುತ್ತಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪುವುದು ಇನ್ನೊಂದು ಬಗೆ: ಹಿಮ್ಮಡಿಯ ಹಿಂಬದಿಯ ತುಂಡು, ಮೀನಖಂಡದಿಂದ ಇಳಿದು ಬರುವ ದಪ್ಪ ಸ್ನಾಯುರಜ್ಜು ಎಳೆದ ರಭಸಕ್ಕೆ ಮೇಲೆದ್ದು, ಹಿಂಬದಿಯ ಚರ್ಮವನ್ನು ಒಳಗಿನಿಂದ ಒತ್ತಿ ಹಿಡಿಯುತ್ತದೆ. ಆ ಚರ್ಮ ಬಿಳಿಚಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಸಾಯಬಲ್ಲದು. ಅಂಥವರನ್ನು ‘ಹತ್ತು ದಿನ ಬಿಟ್ಟು ಬನ್ನಿ’ ಎಂದು ಕಳಿಸುವುದು ನಿಶ್ಚಯವಾಗಿಯೂ ತಪ್ಪು. ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದುಕೊಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆನ್ನುಮೂಳೆಯೂ ಮುರಿದಿರುತ್ತದೆಂಬುದನ್ನು ನೆನಪಿಟ್ಟುಕೊಂಡು ಸೊಂಟವನ್ನೂ ಇನ್ನೊಂದು ಹಿಮ್ಮಡಿಯನ್ನೂ ಮುಟ್ಟಿ ನೋಡದೆ ಯಾರನ್ನೂ ಮನೆಗೆ ಕಳಿಸಬಾರದು.

ಕಾಯುವ ದಿನಗಳಲ್ಲಿ ಆಗುವ ಹಾನಿ ಹಲವು ಬಾರಿ ಮನೆಯಲ್ಲಿ ಆಗುತ್ತದೆ. ಆಸ್ಪತ್ರೆಯವರು ಏನೂ ಮಾಡಲಿಲ್ಲ ಎಂಬ ಬೇಸರದಲ್ಲಿ ಬಂಧುಗಳು ಪಟ್ಟಿ ಬಿಚ್ಚಿ ಎಣ್ಣೆ ಹಚ್ಚಿ ನೀವಿಸುತ್ತಾರೆ, ಶಾಖ ಕೊಡಿಸುತ್ತಾರೆ, ಇಲ್ಲವೇ ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿಸುತ್ತಾರೆ. ಮುಂಗೈ ಮುರಿದ ಮಕ್ಕಳಿಗೆ ನಾಟಿ ವೈದ್ಯರ ಕಟ್ಟು ಹಿಡಿದದ್ದನ್ನು ಕಂಡ ಜನ ಅದನ್ನೇ ಹಿಮ್ಮಡಿಗೂ ನಂಬುವುದು ಆಶ್ಚರ್ಯವಲ್ಲ. ಆದರೆ ಬಾತ ಪಾದಕ್ಕೆ ಬಿಗಿಯಾದ ಕಟ್ಟು ಬಿದ್ದರೆ ರಕ್ತಸಂಚಾರ ನಿಲ್ಲಬಹುದು. ಒಳಕ್ಕೆ ಕುಸಿದ ಕೀಲನ್ನು ಹೊರಗಿನ ಯಾವ ಕಟ್ಟೂ ಮೇಲೆತ್ತಲಾರದು.

ಹಣದ ಮಾತನ್ನೂ ಆಡಬೇಕಾಗಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂತಹ ಯೋಜನೆಗಳಿಂದ ಬಡವರಿಗೆ ಶಸ್ತ್ರಚಿಕಿತ್ಸೆಯ ವೆಚ್ಚದ ಹೊರೆ ಇಳಿದಿರುವುದು ದೊಡ್ಡ ಉಪಕಾರ. ಆದರೆ ಶಸ್ತ್ರಚಿಕಿತ್ಸೆ ಆಗಲಿ ಬಿಡಲಿ, ಹಿಮ್ಮಡಿ ಮುರಿದವರು ಎರಡು ಮೂರು ತಿಂಗಳು ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ಮರಳಿ ಕೆಲಸಕ್ಕೆ ಹೋಗುವುದು ಅದಕ್ಕೂ ಎಷ್ಟೋ ತಡವಾಗಿ. ಆ ಅವಧಿಯ ಕೂಲಿಯನ್ನು ಯಾವ ಆಸ್ಪತ್ರೆಯ ಪ್ಯಾಕೇಜೂ ತುಂಬಿಕೊಡುವುದಿಲ್ಲ. ಪ್ಲೇಟು ಹಾಕಿಸಿದರೆ ಬೇಗ ನಡೆಯಬಹುದು ಎಂದು ನಂಬಿ ಶಸ್ತ್ರಚಿಕಿತ್ಸೆಗೆ ಒತ್ತಾಯಿಸುವ, ಆಮೇಲೆ ಆರನೆಯ ವಾರಕ್ಕೇ ಊರುಗೋಲು ಎಸೆದು ತೋಟಕ್ಕಿಳಿಯುವ ಜನರ ಹಿಂದೆ ಇರುವುದು ಈ ಕೂಲಿಯ ಚಿಂತೆಯೇ. ತೆಂಗಿನ ಮರ ಏರುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯಿದೆ. ನಾನು ಕಂಡ ರೋಗಿಗಳಲ್ಲಿ ಅದರ ಹೆಸರು ಕೇಳಿದ್ದವರೇ ವಿರಳ. ಕೊನೆ ಕೊಯ್ಲಿಗೆ, ಮಳೆಗಾಲದಲ್ಲಿ ಕೊಳೆರೋಗದ ಔಷಧಿ ಹೊಡೆಯಲು ಪಾಚಿಗಟ್ಟಿದ ಮರ ಏರಿಸುವ ತೋಟದ ಮಾಲೀಕರು, ಏರುವವರ ಹೆಸರಿನಲ್ಲಿ ಒಂದು ವಿಮೆ ಮಾಡಿಸುವುದನ್ನು ಕೊಯ್ಲಿನ ಖರ್ಚಿನಲ್ಲೇ ಸೇರಿಸಿಕೊಳ್ಳಬೇಕು. ನೆಲದ ಮೇಲೆ ನಿಂತೇ ಕೊಯ್ಯಲು, ಔಷಧಿ ಹೊಡೆಯಲು ಬರುವ ಫೈಬರ್ ದೋಟಿ ಹಬ್ಬುತ್ತಿರುವುದು ಮೂಳೆ ವೈದ್ಯನಾದ ನನಗೆ ಯಾವ ಹೊಸ ಪ್ಲೇಟಿಗಿಂತಲೂ ಹೆಚ್ಚಿನ ಸಂತೋಷದ ವಿಷಯ.

ಆರೋಗ್ಯ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಹಿಮ್ಮಡಿ ಮುರಿತದ ರೋಗಿಯನ್ನು ಬಾವು ಇಳಿಯಲೆಂದು ಮನೆಗೆ ಕಳಿಸುವಾಗ ಏಕೆ ಕಳಿಸುತ್ತಿದ್ದೇವೆ, ಯಾವ ದಿನ ಮತ್ತೆ ಬರಬೇಕು, ಸಿ.ಟಿ. ಸ್ಕ್ಯಾನ್ ಎಲ್ಲಿ ಮಾಡಿಸಬೇಕು, ಯಾವ ಲಕ್ಷಣ ಕಂಡರೆ ಆ ದಿನದವರೆಗೆ ಕಾಯದೆ ಓಡಿಬರಬೇಕು ಎಂಬುದನ್ನು ಕನ್ನಡದಲ್ಲಿ ಬರೆದು ಕೈಗೆ ಕೊಡಬೇಕು. ಸಾಧ್ಯವಿದ್ದಲ್ಲಿ, ದೂರದ ಊರಿನವರನ್ನು ಆ ದಿನಗಳಲ್ಲಿ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳಬೇಕು; ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಮೂರು ತಾಸು ಪ್ರಯಾಣ ಮಾಡಿದರೆ ಇಳಿಯುತ್ತಿದ್ದ ಬಾವು ಮತ್ತೆ ಏರುತ್ತದೆ. ನಿಮ್ಮ ವರದಿಯಲ್ಲಿನ ಆಸ್ಪತ್ರೆಯ ಮೇಲೆ ದೂರು ಹೊರಿಸಬಹುದಾದರೆ ಅದು ಬಹುಶಃ ಈ ಕಾರಣಕ್ಕೆ: ಹತ್ತು ದಿನ ಏಕೆಂದು ಆ ಮನೆಯವರಿಗೆ ಯಾರೂ ಕೂತು ತಿಳಿಸಿದಂತೆ ಕಾಣುವುದಿಲ್ಲ. ನಿಮ್ಮ ವರದಿಗಾರರೂ ಮುಂದೆ ಇಂಥ ಸುದ್ದಿ ಬರೆಯುವ ಮೊದಲು, ಆಪರೇಷನ್ ಏಕೆ ಆಗಲಿಲ್ಲ ಎಂದು ಬಂಧುಗಳನ್ನು ಕೇಳುವುದರ ಜೊತೆಗೆ, ಪಾದದ ಚರ್ಮ ಹೇಗಿತ್ತು ಎಂದು ವೈದ್ಯರನ್ನೂ ಒಂದು ಮಾತು ಕೇಳಲಿ.

ಇಂತಿ,
ನಿವೃತ್ತ ಮೂಳೆ ಶಸ್ತ್ರಚಿಕಿತ್ಸಕ
ಶಿರಸಿ, ಉತ್ತರ ಕನ್ನಡ